ಬ್ರೇಕ್ ಒತ್ತಿದರೆ ಎಡಗಡೆ ಹಿಂದಿನ ಲೈಟೇ ಆರಿಹೋಗುತ್ತೆ (ಎಂಎಂ540), ಜೊತೆಗೆ ಫ್ಯೂಸ್ ಕಾಟ

ತೋಟದ ಜೀಪು:

ಗಾಡಿ ಮಹೀಂದ್ರ ಎಂಎಂ540, 1994ರ ಮಾಡೆಲ್, 12 ವೋಲ್ಟ್. ಸಕಲೇಶಪುರದ ಕಡೆ ತೋಟದ ರಸ್ತೆಯಲ್ಲೇ ಹೆಚ್ಚು ಓಡಾಟ, ಮಳೆಗಾಲದಲ್ಲಿ ಚಾಸಿ ತುಂಬ ಕೆಸರು. ಈಚೆಗೆ ಟಿಂಕರಿಂಗ್ ಮಾಡಿಸಿ ಪೇಂಟ್ ಹೊಡೆಸಿದ್ದಾಯ್ತು. ಆಮೇಲಿಂದ ಹಿಂದಿನ ಲೈಟುಗಳು ಹೀಗೆ ಆಡ್ತಿವೆ:

– ಹೆಡ್‌ಲೈಟ್ ಹಾಕಿದರೆ ಎರಡೂ ಕಡೆ ಡೇಂಜರ್ ಲೈಟ್ (ರಾತ್ರಿ ಉರಿಯುವ ಹಿಂದಿನ ಕೆಂಪು ದೀಪ) ಸರಿಯಾಗೇ ಉರಿಯುತ್ತೆ.
– ಆಗ ಬ್ರೇಕ್ ಒತ್ತಿದರೆ ಬಲಗಡೆ ಜೋರಾಗುತ್ತೆ, ಎಡಗಡೆ ಇದ್ದ ಬೆಳಕೂ ಹೋಗುತ್ತೆ.
– ಹಗಲಲ್ಲಿ ಬರೀ ಬ್ರೇಕ್ ಒತ್ತಿದರೆ ಎಡಗಡೆ ಮಂಕಾಗಿ ಉರಿಯುತ್ತೆ.
– ಎಡ ಇಂಡಿಕೇಟರ್ ಮಂಕು. ಅದರ ತಾಳಕ್ಕೆ ಡೇಂಜರ್ ಲೈಟೂ ಕುಣಿಯುತ್ತೆ.
– ಬ್ರೇಕ್ ಲೈಟಿನ 10 ಆಂಪಿಯರ್ ಫ್ಯೂಸ್ ಕಲ್ಲು ರಸ್ತೆಯಲ್ಲಿ ಆಗಾಗ ಹೋಗುತ್ತೆ.

ಬಲ್ಬ್ ಹೊಸದು. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಹೋಲ್ಡರ್‌ಗೂ ಬಾಡಿಗೂ ಮುಟ್ಟಿಸಿದರೆ ಬೀಪ್ ಬರುತ್ತೆ, ಹಾಗಾಗಿ ಅರ್ತ್ (ಕರೆಂಟ್ ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಸರಿ ಇದೆ, ಪೂರ್ತಿ ವೈರಿಂಗ್ ಬದಲಾಯಿಸಿ ಅಂತಿದ್ದಾರೆ ಎಲೆಕ್ಟ್ರಿಷಿಯನ್. ಅಷ್ಟು ಬೇಕಾ?

ಓಮ್‌ಮೀಟರ್:

ಬೇಡ ಸಾರ್. ನೀವು ಬರೆದ ಮೊದಲ ನಾಲ್ಕೂ ಒಂದೇ ಕಾಯಿಲೆ: ಎಡಗಡೆ ಲೈಟಿಗೆ ಅರ್ತ್ ಸಿಗುತ್ತಿಲ್ಲ. ಐದನೆಯದು ಬೇರೆ, ಅದನ್ನು ಆಮೇಲೆ ನೋಡೋಣ.

ಆ ಬಲ್ಬಿನಲ್ಲಿ ಎರಡು ಫಿಲಮೆಂಟ್ (ಉರಿಯುವ ತಂತಿ) ಇವೆ, ಬ್ರೇಕಿಗೆ 21 ವ್ಯಾಟ್, ಡೇಂಜರ್‌ಗೆ 5 ವ್ಯಾಟ್. ಎರಡರ ಇನ್ನೊಂದು ತುದಿಯೂ ಬಲ್ಬಿನ ಹಿತ್ತಾಳೆ ಕ್ಯಾಪಿಗೆ ಸೇರಿ, ಅಲ್ಲಿಂದ ಬಾಡಿಗೆ ಹೋಗಬೇಕು. ಆ ದಾರಿ ಮುಚ್ಚಿದರೆ ಕರೆಂಟ್ ಬೇರೆ ದಾರಿ ಹುಡುಕುತ್ತೆ. ಹೆಡ್‌ಲೈಟ್ ಹಾಕಿದಾಗ 5 ವ್ಯಾಟ್ ಫಿಲಮೆಂಟ್ ದಾಟಿದ ಕರೆಂಟ್, ಪಕ್ಕದ 21 ವ್ಯಾಟ್ ಫಿಲಮೆಂಟ್ ಮೂಲಕ ಹಿಂದಕ್ಕೆ ಬ್ರೇಕ್ ವೈರಿಗೆ ನುಗ್ಗಿ, ಬಲಗಡೆ ಬ್ರೇಕ್ ಬಲ್ಬಿನಿಂದ ಅರ್ತ್ ಸೇರುತ್ತೆ. ತಣ್ಣಗಿರುವ 21 ವ್ಯಾಟ್ ಫಿಲಮೆಂಟಿನ ರೆಸಿಸ್ಟೆನ್ಸ್ ತೀರಾ ಕಮ್ಮಿ, ಆದ್ದರಿಂದ ಡೇಂಜರ್ ಲೈಟ್ ಮಾಮೂಲಿನಂತೆಯೇ ಕಾಣುತ್ತೆ. ಮೋಸ ಹೋಗುವುದು ಇಲ್ಲೇ. ಈಗ ಬ್ರೇಕ್ ಒತ್ತಿದಿರಿ: ಬ್ರೇಕ್ ವೈರಲ್ಲೂ 12 ವೋಲ್ಟ್, ಡೇಂಜರ್ ವೈರಲ್ಲೂ 12 ವೋಲ್ಟ್. ಎರಡು ತುದಿಯಲ್ಲೂ ಒಂದೇ ವೋಲ್ಟೇಜ್ ಇದ್ದರೆ ಕರೆಂಟ್ ಹರಿಯಲು ಜಾಗವೆಲ್ಲಿ? ಎರಡೂ ಆರುತ್ತವೆ. ಹಗಲಲ್ಲಿ ಕಾಣುವ ಮಂಕು ಬೆಳಕು ಬ್ರೇಕಿನದಲ್ಲ, 5 ವ್ಯಾಟಿನದು. ಇಂಡಿಕೇಟರ್ ಬಲ್ಬೂ ಅದೇ ತಗಡಿನ ಅರ್ತ್ ಹಂಚಿಕೊಂಡಿದೆ, ಅದಕ್ಕೇ ಆ ಕುಣಿತ.

ಬೀಪ್ ನಂಬಬೇಡಿ. ಹೆಚ್ಚಿನ ಮೀಟರ್‌ಗಳು 30 ಓಮ್ ಇದ್ದರೂ ಬೀಪ್ ಹೊಡೆಯುತ್ತವೆ. ಉರಿಯುತ್ತಿರುವ 21 ವ್ಯಾಟ್ ಬಲ್ಬ್ ಹತ್ತಿರ ಹತ್ತಿರ 7 ಓಮ್. ಅರ್ತ್‌ನಲ್ಲಿ 1 ಓಮ್ ಸೇರಿದರೂ ಸುಮಾರು ಒಂದೂವರೆ ವೋಲ್ಟ್ ಅಲ್ಲೇ ಖರ್ಚು, ಬೆಳಕಿನಲ್ಲಿ ಮೂರನೇ ಒಂದು ಭಾಗ ಹೋಯಿತು. ಲೋಡ್ ಇರುವಾಗಲೇ, ಅಂದರೆ ಬಲ್ಬಿಗೆ ಕರೆಂಟ್ ಹರಿಯುತ್ತಿರುವಾಗಲೇ ಅಳೆಯಬೇಕು:

ಮೀಟರ್ 20 ವೋಲ್ಟ್ ಡಿಸಿಗೆ ಇಡಿ. ಕಪ್ಪು ಪ್ರೋಬನ್ನು ಉದ್ದ ವೈರ್ ಕಟ್ಟಿ ಬ್ಯಾಟರಿ ನೆಗೆಟಿವ್ ಕಂಬಕ್ಕೆ (ಕ್ಲ್ಯಾಂಪಿಗಲ್ಲ, ಸೀಸದ ಕಂಬಕ್ಕೇ) ಸೇರಿಸಿ. ಬ್ರೇಕ್ ಒತ್ತಿಸಿ. ಕೆಂಪು ಪ್ರೋಬನ್ನು ಸಾಲಾಗಿ ಚಾಸಿಗೆ, ಲೈಟಿನ ಪಕ್ಕದ ಬಾಡಿ ತಗಡಿಗೆ (ಪೇಂಟ್ ಕೆರೆದು), ಲೈಟ್ ಕೂರಿಸಿದ ಬೋಲ್ಟಿಗೆ, ಕೊನೆಗೆ ಹೋಲ್ಡರಿನ ಒಳಗೋಡೆಗೆ ಮುಟ್ಟಿಸಿ. ಒಟ್ಟು 0.2 ವೋಲ್ಟ್ ದಾಟಬಾರದು. ಎಲ್ಲಿ ದಿಢೀರ್ ಜಿಗಿಯುತ್ತೋ ಅದಕ್ಕೂ ಹಿಂದಿನ ಜಾಗಕ್ಕೂ ನಡುವೆಯೇ ತೊಂದರೆ. ಬಾಡಿಯಲ್ಲೇ ಜಾಸ್ತಿ ತೋರಿಸಿದರೆ ಚಾಸಿ–ಬಾಡಿ ನಡುವಿನ ಅರ್ತ್ ನೋಡಿ. ಜೀಪಿನ ಬಾಡಿ ರಬ್ಬರ್ ಪ್ಯಾಡ್ ಮೇಲೆ ಕೂತಿರುತ್ತೆ, ಟಿಂಕರಿಂಗಿಗೆ ಇಳಿಸಿದಾಗ ಅರ್ತ್ ಪಟ್ಟಿ ಬಿಚ್ಚಿ ಹಾಗೇ ಬಿಡುವುದುಂಟು.

ಘಾಟಿ ಗೇರ್:

ಮೇಲಿನವರು ಹೇಳಿದ್ದು ಸರಿ. ಫ್ಯೂಸ್ ವಿಷಯ ನಾನು ಹೇಳ್ತೀನಿ.

ಎರಡು ಬ್ರೇಕ್ ಬಲ್ಬ್ ಸೇರಿ 42 ವ್ಯಾಟ್, ಮೂರೂವರೆ ಆಂಪಿಯರ್. 10ರ ಫ್ಯೂಸ್ ಹೋಗ್ತಿದೆ ಅಂದ್ರೆ ಅದು ಲೋಡಲ್ಲ, ಎಲ್ಲೋ ವೈರ್ ಚಾಸಿಗೆ ಉಜ್ಜುತ್ತಿದೆ. ದಯವಿಟ್ಟು 20 ಆಂಪಿಯರ್ ಹಾಕೋದು, ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತೋದು ಮಾಡಬೇಡಿ. ಫ್ಯೂಸ್ ಉಳಿಯುತ್ತೆ, ವೈರ್ ಕರಗುತ್ತೆ.

ಮೊದಲು ಒಂದು ಗಮನಿಸಿ. ಬ್ರೇಕ್ ಮುಟ್ಟದೇ ಇದ್ದಾಗಲೂ ಫ್ಯೂಸ್ ಹೋದರೆ ಫ್ಯೂಸ್‌ನಿಂದ ಬ್ರೇಕ್ ಸ್ವಿಚ್‌ವರೆಗಿನ ವೈರಲ್ಲಿ ಶಾರ್ಟ್. ಬ್ರೇಕ್ ಒತ್ತಿದಾಗ ಮಾತ್ರ ಹೋದರೆ ಸ್ವಿಚ್ ದಾಟಿದ ಮೇಲೆ. ಅರ್ಧ ಹುಡುಕಾಟ ಇಲ್ಲೇ ಮುಗಿಯಿತು.

ಆಮೇಲೆ ಫ್ಯೂಸ್ ತೆಗೆದು ಅದರ ಎರಡು ಕಾಲಿನ ಜಾಗಕ್ಕೆ ಒಂದು 21 ವ್ಯಾಟ್ ಬಲ್ಬ್ ವೈರ್ ಕಟ್ಟಿ ಸೇರಿಸಿ. ಹಿಂದಿನ ಎರಡೂ ಬ್ರೇಕ್ ಬಲ್ಬ್ ಬಿಚ್ಚಿಡಿ. ಆ ಫ್ಯೂಸಿನಲ್ಲೇ ಹಾರ್ನ್ ಗೀರ್ನ್ ಇದ್ದರೆ ಅದನ್ನೂ ಬಿಡಿಸಿ. ಪೆಡಲಿಗೂ ಸೀಟಿಗೂ ನಡುವೆ ಕೋಲು ಕೊಟ್ಟು ಬ್ರೇಕ್ ಒತ್ತಿಡಿ, ಇಲ್ಲಾ ಸ್ವಿಚ್ಚಿನ ಎರಡು ವೈರ್ ಒಂದಕ್ಕೊಂದು ಸೇರಿಸಿ. ಈಗ ಬಲ್ಬ್ ಉರಿಯಬಾರದು. ಮುಂದಿನಿಂದ ಹಿಂದಕ್ಕೆ ವೈರಿಂಗನ್ನು ಒಂದೊಂದು ಗೇಣು ಹಿಡಿದು ಅಲ್ಲಾಡಿಸುತ್ತ ಬನ್ನಿ. ಎಲ್ಲಿ ಮುಟ್ಟಿದಾಗ ಬಲ್ಬ್ ಹತ್ತುತ್ತೋ ಕಳ್ಳ ಅಲ್ಲೇ. ಬಲ್ಬ್ ಇರೋದ್ರಿಂದ ಎರಡು ಆಂಪಿಯರ್ ಕೂಡ ದಾಟಲ್ಲ, ವೈರಿಗೆ ಏನೂ ಆಗಲ್ಲ, ಫ್ಯೂಸ್ ಮೇಲೆ ಫ್ಯೂಸ್ ಸುಡೋದೂ ತಪ್ಪುತ್ತೆ.

ನೋಡಬೇಕಾದ ಜಾಗ: ಬಾಡಿ ತೂತಲ್ಲಿ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಹಾಕುವ ಬಳೆ) ಇಲ್ಲದ ಕಡೆ, ಹಿಂದಿನ ಕಮಾನ್ ಪಟ್ಟಿಯ ಶ್ಯಾಕಲ್ (ಪಟ್ಟಿ ತುದಿಯ ಕೊಂಡಿ) ಮೇಲೆ, ಸೈಲೆನ್ಸರ್ ಪೈಪಿನ ಹತ್ತಿರ, ತಗಡಿನ ಕ್ಲಿಪ್ ವೈರನ್ನು ಕಚ್ಚಿದ ಕಡೆ.

ಹಳೇ ಗಾಡಿ:

ಬಲ್ಬ್ "ಹೊಸದು" ಅಂದಿದ್ದೀರಿ, ಅದನ್ನೂ ಒಮ್ಮೆ ಕೈಗೆತ್ತಿಕೊಂಡು ಓದಿ. ಲಾರಿಯ 24 ವೋಲ್ಟ್ ಬಲ್ಬಿಗೂ ಇದೇ ಕ್ಯಾಪ್, ಅಂಗಡಿಯಲ್ಲಿ ಅದಲುಬದಲಾಗುತ್ತೆ, 12 ವೋಲ್ಟಲ್ಲಿ ಮಿಣಮಿಣ ಅಂತ ಉರಿಯುತ್ತೆ. 12 ವೋಲ್ಟ್ 21/5 ಅಂತಿರಬೇಕು, ಪಕ್ಕದ ಎರಡು ಗುಬಟು ಮೇಲೆ-ಕೆಳಗೆ ಇರಬೇಕು. ಗುಬಟು ಸಮ ಇದ್ದರೆ ಅದು ಒಂಟಿ ಫಿಲಮೆಂಟಿನ ಇಂಡಿಕೇಟರ್ ಬಲ್ಬ್. ಸವೆದ ಹೋಲ್ಡರಿಗೆ ಅದನ್ನು ಬಲವಂತವಾಗಿ ತುರುಕಿದರೆ ತಳದ ಒಂದೇ ಸೀಸದ ಚುಕ್ಕೆ ಎರಡೂ ಸ್ಪ್ರಿಂಗ್ ಪಿನ್ನುಗಳನ್ನು ಜೋಡಿಸಿಬಿಡುತ್ತೆ. ಆಗ ಬ್ರೇಕ್ ಒತ್ತಿದರೆ ಮುಂದಿನ ಪಾರ್ಕಿಂಗ್, ಮೀಟರ್ ಲೈಟ್ ಎಲ್ಲ ಪೂರ್ತಿ ಬೆಳಕಲ್ಲಿ ಹತ್ತುತ್ತವೆ. ಅರ್ತ್ ಹೋದರೆ ಮಂಕು, ಹೀಗೆ ಜೋಡಿಯಾದರೆ ಪ್ರಖರ. ಒಳಗೆ ಫಿಲಮೆಂಟ್ ಮುರಿದು ಇನ್ನೊಂದರ ಮೇಲೆ ಬಿದ್ದರೂ ಇದೇ ಲಕ್ಷಣ.

ತೋಟದ ಜೀಪು:

ಬಲ್ಬ್ ಸರಿ ಇದೆ, 12 ವೋಲ್ಟ್ 21/5. ಇಂಜಿನ್ ಆಫ್ ಮಾಡಿ ಬ್ರೇಕ್ ಒತ್ತಿ ಅಳೆದಿದ್ದು: ಚಾಸಿ 0.03, ಎಡ ಬಾಡಿ 0.08, ಎಡ ಬೋಲ್ಟ್ 0.09, ಎಡ ಹೋಲ್ಡರ್ 11.3. ಬಲ ಬಾಡಿ 0.08, ಬಲ ಹೋಲ್ಡರ್ 0.6. ಫ್ಯೂಸ್ ಜಾಗದ ಬಲ್ಬ್, ಚಾಸಿಯ ಹಿಂದಿನ ಅಡ್ಡಪಟ್ಟಿಯ ತೂತಿನ ಹತ್ತಿರ ವೈರ್ ಅಲ್ಲಾಡಿಸಿದಾಗ ಹತ್ತುತ್ತೆ. ಸಿಪ್ಪೆ ಸವೆದು ತಾಮ್ರ ಕಾಣ್ತಿದೆ. ಇಡೀ ಲೈಟ್ ಸೆಟ್ಟೇ ಬದಲಾಯಿಸಿ ಎಲ್‌ಇಡಿ ಹಾಕಿಬಿಡಲಾ?

ಓಮ್‌ಮೀಟರ್:

ಬೋಲ್ಟಿನವರೆಗೆ ಅರ್ತ್ ಚೆನ್ನಾಗಿದೆ, ಹೋಲ್ಡರಿಗೆ ತಲುಪುತ್ತಿಲ್ಲ. ನಡುವೆ ಇರುವುದು ಲೈಟಿನ ತಗಡಿಗೂ ಬೋಲ್ಟಿಗೂ ನಡುವಿನ ಪೇಂಟ್, ಹೋಲ್ಡರನ್ನು ತಗಡಿಗೆ ಹೊಡೆದ ರಿವೆಟ್, ಇವೆರಡೇ. ರಿವೆಟ್ ಸುತ್ತ ಹಸಿರು ಕಿಲುಬು ಇದ್ದೇ ಇರುತ್ತೆ, ನೋಡಿ. ಬಲಗಡೆ 0.6 ಅಂದರೆ ಅದೂ ಅದೇ ಹಾದಿಯಲ್ಲಿದೆ. ಕಣ್ಣಿಗೆ ಗೊತ್ತಾಗದಿದ್ದರೂ ಬೆಳಕು ಆಗಲೇ ಆರರಲ್ಲೊಂದು ಭಾಗ ಕಮ್ಮಿ.

ರಿವೆಟ್ ರಿಪೇರಿಗೆ ಹೋಗಬೇಡಿ, ಅದನ್ನು ದಾಟಿಸಿ. ಹೋಲ್ಡರಿನ ಹಿತ್ತಾಳೆ ಗೋಡೆಯನ್ನು ಎಮರಿ ಪೇಪರಲ್ಲಿ ಉಜ್ಜಿ, 1.5 ಸ್ಕ್ವೇರ್ ಎಂಎಂ ಕಪ್ಪು ವೈರನ್ನು ನೇರ ಬೆಸುಗೆ ಹಾಕಿ. ಇಂಡಿಕೇಟರ್ ಹೋಲ್ಡರಿಗೂ ಅದನ್ನೇ ಎಳೆಯಿರಿ. ಎಡ-ಬಲ ಎರಡೂ ವೈರ್ ಚಾಸಿಯ ಒಂದೇ 6 ಎಂಎಂ ಬೋಲ್ಟಿಗೆ ರಿಂಗ್ ಲಗ್ ಹಾಕಿ ಬರಲಿ. ಬೋಲ್ಟಿನ ಜಾಗ ಹೊಳೆಯುವ ತನಕ ಕೆರೆದು, ಹಲ್ಲಿನ ವಾಷರ್ ಕೊಟ್ಟು ಬಿಗಿ ಮಾಡಿ, ಅದಾದ ಮೇಲೆ ಮೇಲಿಂದ ವ್ಯಾಸಲಿನ್ ಬಳಿಯಿರಿ. ಆಮೇಲೆ ಮತ್ತೆ ಅಳೆಯಿರಿ, ಹೋಲ್ಡರಲ್ಲಿ 0.1ರ ಆಸುಪಾಸು ಬರಬೇಕು.

ಎಲ್‌ಇಡಿ ಈಗ ಬೇಡ. ಕಡಿಮೆ ಕರೆಂಟಲ್ಲಿ ಉರಿಯುವುದರಿಂದ ಕೆಟ್ಟ ಅರ್ತ್ ಸ್ವಲ್ಪ ದಿನ ಮುಚ್ಚಿಹೋಗುತ್ತೆ ಅಷ್ಟೇ, ಜೊತೆಗೆ ಇಂಡಿಕೇಟರ್ ಮಿಣುಕಿಸುವ ಹಳೇ ಫ್ಲ್ಯಾಷರ್ ತಾಳ ತಪ್ಪುತ್ತೆ.

ಘಾಟಿ ಗೇರ್:

ಸವೆದ ವೈರಿಗೆ ಬರೀ ಟೇಪ್ ಸುತ್ತಬೇಡಿ, ಬಿಸಿಲಿಗೆ ಅಂಟು ಇಳಿದು ಮಳೆಗೆ ಬಿಚ್ಚಿಕೊಳ್ಳುತ್ತೆ. ತಾಮ್ರ ಕಪ್ಪಾಗಿದ್ದರೆ ಹೊಳಪು ಸಿಗುವ ತನಕ ಎರಡೂ ಕಡೆ ಕತ್ತರಿಸಿ, 1 ಸ್ಕ್ವೇರ್ ಎಂಎಂ ತುಂಡು ಸೇರಿಸಿ, ಒಳಗೆ ಅಂಟು ಇರುವ ಶ್ರಿಂಕ್ ಸ್ಲೀವ್ ಹಾಕಿ ಬಿಸಿ ಮಾಡಿ. ಸ್ಲೀವನ್ನು ಜೋಡಿಸುವ ಮೊದಲೇ ವೈರಿಗೆ ಏರಿಸಿಕೊಳ್ಳಿ. ಜಾಯಿಂಟ್ ಅಡ್ಡಪಟ್ಟಿಯ ತೂತಿನೊಳಗೆ ಬಾರದಂತೆ ಒಂದು ಗೇಣು ಆಚೆ ಇರಲಿ. ತೂತಿನ ಅಂಚು ಅರದಲ್ಲಿ ಉಜ್ಜಿ ಗ್ರಾಮೆಟ್ ಕೂರಿಸಿ. ಗ್ರಾಮೆಟ್ ಸಿಗದಿದ್ದರೆ ಡೀಸೆಲ್ ಪೈಪ್ ತುಂಡನ್ನು ಉದ್ದಕ್ಕೆ ಸೀಳಿ ಅಂಚಿಗೆ ಸಿಕ್ಕಿಸಿದರೂ ನಡೆಯುತ್ತೆ. ಬಲ್ಬ್‌ಗಳನ್ನು ಹಾಕುವ ಮೊದಲು ಫ್ಯೂಸ್ ಜಾಗದ ಬಲ್ಬ್ ಇಟ್ಟುಕೊಂಡೇ ಇನ್ನೊಮ್ಮೆ ಪೂರ್ತಿ ಅಲ್ಲಾಡಿಸಿ ನೋಡಿ, ಒಂದು ಕಡೆ ಸವೆದ ವೈರ್ ಇನ್ನೊಂದು ಕಡೆಯೂ ಸವೆದಿರುತ್ತೆ.