ನಮಾಜ್‌ನ ಎದುರು ಏನು ಬರೆಯಬೇಕು? ಮುಸ್ಲಿಂ–ಕ್ರೈಸ್ತ ದಿನಚರಿ ಹೋಲಿಸುವ ಪಟ್ಟಿ

ಪ್ರಶ್ನೆ — ಎರಡುಪುಟ

ಹಿರಿಯರ ಆರೈಕೆ ಕೇಂದ್ರದ ಸಿಬ್ಬಂದಿಗಾಗಿ ಎರಡು ಪುಟದ ಟಿಪ್ಪಣಿಯೊಂದು ತಯಾರಾಗುತ್ತಿದೆ. ಎಡಗಡೆ ಮುಸ್ಲಿಮರು, ಬಲಗಡೆ ಕ್ರೈಸ್ತರು. ಸಾಲುಗಳು: ಪ್ರಾರ್ಥನೆ, ಶುದ್ಧಿ, ಉಪವಾಸ, ದಾನ. ಮೊದಲ ಸಾಲೇ ಸರಿಹೋಗುತ್ತಿಲ್ಲ. ಎಡಗಡೆ "ದಿನಕ್ಕೆ 5 ನಮಾಜ್", ಬಲಗಡೆ "ಭಾನುವಾರ ಚರ್ಚ್" ಎಂದು ಬರೆದರೆ ಕ್ರೈಸ್ತರು ವಾರಕ್ಕೊಮ್ಮೆ ಮಾತ್ರ ದೇವರನ್ನು ನೆನೆಯುತ್ತಾರೆ ಎಂದಾಗುತ್ತದೆ. "ಯಾವಾಗ ಬೇಕಾದರೂ ಪ್ರಾರ್ಥಿಸಬಹುದು" ಎಂದು ಬರೆದರೆ ಸಿಬ್ಬಂದಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಯಾವುದಕ್ಕೆ ಯಾವುದನ್ನು ಹೋಲಿಸುವುದು ಸರಿ? ಹಾಸಿಗೆ ಹಿಡಿದವರ ವಿಷಯದಲ್ಲಿ ಸಿಬ್ಬಂದಿ ಏನು ಮಾಡಬೇಕು, ಎಲ್ಲಿ ತಪ್ಪಾಗುತ್ತದೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ — ಫಜ್ರ್‌ಹೊತ್ತು

ತೊಡಕಿರುವುದು "ಪ್ರಾರ್ಥನೆ" ಎಂಬ ಪದದಲ್ಲೇ. ಕನ್ನಡದ ಈ ಒಂದು ಪದದೊಳಗೆ ಇಸ್ಲಾಮಿನ ಎರಡು ಬೇರೆ ಬೇರೆ ಆಚರಣೆಗಳು ಬಂದು ಕೂರುತ್ತವೆ. ಕೈಯೆತ್ತಿ ತಮ್ಮ ಮಾತಿನಲ್ಲಿ ಬೇಡಿಕೊಳ್ಳುವುದು ದುಆ. ಅದಕ್ಕೆ ಹೊತ್ತಿಲ್ಲ, ದಿಕ್ಕಿನ ಕಟ್ಟಿಲ್ಲ, ವುಜೂ, ಅಂದರೆ ಕೈ, ಮುಖ, ಕಾಲು ತೊಳೆಯುವ ಶುದ್ಧಿ, ಕಡ್ಡಾಯವಲ್ಲ. ಕ್ರೈಸ್ತರೊಬ್ಬರು ಮಲಗುವ ಮುನ್ನ ಕಣ್ಣುಮುಚ್ಚಿ ಪ್ರಾರ್ಥಿಸುವುದನ್ನು ಹೋಲಿಸಬೇಕಾದದ್ದು ಇದಕ್ಕೆ. ನಮಾಜ್ ಹಾಗಲ್ಲ, ಅದಕ್ಕೆ ಷರತ್ತುಗಳಿವೆ: ಹೊತ್ತು ಆಗಿರಬೇಕು, ವುಜೂ ಇರಬೇಕು, ಮೈ, ಬಟ್ಟೆ, ಜಾಗ ಶುದ್ಧವಾಗಿರಬೇಕು, ಮೈ ಮುಚ್ಚಿರಬೇಕು, ಮುಖ ಕಿಬ್ಲಾದ, ಅಂದರೆ ಮಕ್ಕಾದ ಕಾಬಾ ಇರುವ ದಿಕ್ಕಿನ, ಕಡೆಗಿರಬೇಕು, ಮನಸ್ಸಿನಲ್ಲಿ ನಿಯ್ಯತ್ (ಸಂಕಲ್ಪ) ಇರಬೇಕು. ಕಡ್ಡಾಯ ರಕಾಅತ್‌ಗಳು (ನಿಂತು, ಬಾಗಿ, ನೆಲಕ್ಕೆ ಹಣೆ ಮುಟ್ಟಿಸುವ ಒಂದೊಂದು ಸುತ್ತು) ನಸುಕಿನ ಫಜ್ರ್‌ಗೆ 2, ಮಧ್ಯಾಹ್ನದ ಝುಹ್ರ್‌ಗೆ 4, ಇಳಿಹೊತ್ತಿನ ಅಸ್ರ್‌ಗೆ 4, ಸೂರ್ಯಾಸ್ತದ ಮಗ್ರಿಬ್‌ಗೆ 3, ರಾತ್ರಿಯ ಇಶಾಗೆ 4, ಒಟ್ಟು 17. ಒಂದೊಂದು ಹೊತ್ತಿನ ಕಡ್ಡಾಯ ಭಾಗಕ್ಕೆ ಐದರಿಂದ ಹತ್ತು ನಿಮಿಷ ಸಾಕು. ಕಡ್ಡಾಯವಲ್ಲದ ಸುನ್ನತ್ ಸೇರಿದರೆ ಇನ್ನಷ್ಟು.

ಟಿಪ್ಪಣಿಯಲ್ಲಿ ಗಡಿಯಾರದ ಹೊತ್ತನ್ನು ಅಚ್ಚು ಹಾಕಬೇಡಿ. ಐದೂ ಹೊತ್ತು ಸೂರ್ಯನನ್ನು ಅನುಸರಿಸುವುದರಿಂದ ತಿಂಗಳೊಪ್ಪತ್ತಿನಲ್ಲಿ ನಿಮ್ಮ ಪಟ್ಟಿ ತಪ್ಪಾಗಿರುತ್ತದೆ. ಮಸೀದಿಯ ವೇಳಾಪಟ್ಟಿಯನ್ನೇ ತಂದು ಗೋಡೆಗೆ ಹಚ್ಚಿ. ಆರೈಕೆ ಮಾಡುವವರು ಹೆಚ್ಚು ಎಚ್ಚರದಿಂದಿರಬೇಕಾದದ್ದು ಫಜ್ರ್ ವಿಷಯದಲ್ಲಿ. ಅದು ನಸುಕಿನಿಂದ ಸೂರ್ಯೋದಯದವರೆಗೆ ಮಾತ್ರ. ಅದೇ ಹೊತ್ತಿಗೆ ಸ್ನಾನ, ರಕ್ತ ತೆಗೆಯುವುದು, ಹಾಸಿಗೆ ಬದಲಿಸುವುದು ಎಲ್ಲ ಬಂದರೆ ನಮಾಜ್ ತಪ್ಪುತ್ತದೆ, ಆಮೇಲೆ ಅದನ್ನು ಕಝಾ ಆಗಿ, ಅಂದರೆ ಹೊತ್ತು ಮೀರಿದ ಬಾಕಿಯಾಗಿ, ತೀರಿಸಬೇಕು. ಝುಹ್ರ್‌ಗೆ ಅಷ್ಟು ಅವಸರವಿಲ್ಲ, ಕೆಲವು ಗಂಟೆಗಳ ಅವಕಾಶ ಇರುತ್ತದೆ.

ವುಜೂ ಮಾಡಿಸುವ ಕ್ರಮ: ಮುಂಗೈ ತೊಳೆದು, ಬಾಯಿ ಮುಕ್ಕಳಿಸಿ, ಮೂಗಿಗೆ ನೀರೆಳೆದು ಸೀಟಿ, ಮುಖ, ಮೊಣಕೈ ಸೇರಿದಂತೆ ತೋಳು, ಒದ್ದೆ ಕೈಯಿಂದ ತಲೆ ಸವರುವುದು, ಕಿವಿ, ಕೊನೆಗೆ ಹರಡು ಸೇರಿದಂತೆ ಪಾದ. ಬಲಭಾಗ ಮೊದಲು. ಇದರಲ್ಲಿ ಕುರ್‌ಆನ್ 5:6ರಲ್ಲೇ ಬರುವುದು ಮುಖ, ತೋಳು, ತಲೆ, ಪಾದ ಈ ನಾಲ್ಕು. ಹಾಸಿಗೆಯಲ್ಲಿದ್ದವರಿಗೆ ಒಂದು ಬೋಗುಣಿ, ಒಂದು ಚೊಂಬು, ಒಂದು ಟವೆಲ್ ಸಾಕು. ನೀರು ತಾಗದೆ ಉಳಿಯುವ ಜಾಗಗಳೆಂದರೆ ಹಿಮ್ಮಡಿ, ಕಾಲ್ಬೆರಳ ಸಂದಿ, ಬಿಗಿಯಾದ ಉಂಗುರದ ಅಡಿ. ಉಗುರುಬಣ್ಣ ನೀರನ್ನು ತಡೆಯುತ್ತದೆ, ಮೊದಲೇ ತೆಗೆಯಬೇಕು. ಮೆಹಂದಿ ತಡೆಯುವುದಿಲ್ಲ. ಗಾಯದ ಪಟ್ಟಿ ಬಿಚ್ಚಬಾರದೆಂದು ವೈದ್ಯರು ಹೇಳಿದ್ದರೆ ಅದರ ಮೇಲೆ ಒದ್ದೆ ಕೈ ಸವರಿದರೆ ಆಯಿತು.

ನೀರು ಮುಟ್ಟಿಸುವಂತಿಲ್ಲ ಎಂದಾದರೆ ತಯಮ್ಮುಮ್, ಅಂದರೆ ನೀರಿಲ್ಲದೆ ಮಣ್ಣಿನಿಂದ ಮಾಡುವ ಶುದ್ಧಿ. ಇದಕ್ಕೆ ಒಣಗಿದ ಶುದ್ಧ ಮಣ್ಣನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಮುಚ್ಚಿಡಿ. ಹನಫಿಗಳಿಗೆ ದೂಳಿಲ್ಲದ ಕಲ್ಲಾದರೂ ನಡೆಯುತ್ತದೆ, ಶಾಫಿಗಳಿಗೆ ದೂಳು ಇರಲೇಬೇಕು. ಮಣ್ಣಿದ್ದರೆ ಇಬ್ಬರಿಗೂ ಆಗುತ್ತದೆ. ಇವೆರಡೂ ಮದ್‌ಹಬ್‌ಗಳಲ್ಲಿ (ಧರ್ಮಶಾಸ್ತ್ರದ ಪಂಥಗಳಲ್ಲಿ) ಎರಡು ಸಲ ಅಂಗೈಯನ್ನು ಮಣ್ಣಿಗೆ ತಟ್ಟಿ ಸವರಿಕೊಳ್ಳುತ್ತಾರೆ, ಒಮ್ಮೆ ಮುಖಕ್ಕೆ, ಒಮ್ಮೆ ಮೊಣಕೈವರೆಗಿನ ತೋಳಿಗೆ. ಕೊಳವೆಯಲ್ಲಿ ಮೂತ್ರ ಸದಾ ಹೋಗುತ್ತಿರುವವರು ಪ್ರತಿ ನಮಾಜಿನ ಹೊತ್ತಿಗೂ ಹೊಸದಾಗಿ ವುಜೂ ಮಾಡಿ ನಮಾಜ್ ಮಾಡಬಹುದು. ಅದಕ್ಕೆ ಮೊದಲು ಚೀಲ ಖಾಲಿ ಮಾಡಿಕೊಡಿ.

ನಿಲ್ಲಲಾಗದಿದ್ದರೆ ಕುಳಿತು, ಕೂರಲಾಗದಿದ್ದರೆ ಮಲಗಿ, ತಲೆ ಬಾಗಿಸಿ ಸನ್ನೆಯಲ್ಲೇ. ರುಕೂಗಿಂತ (ಸೊಂಟ ಬಾಗಿಸುವುದು) ಸಜ್ದಾಕ್ಕೆ (ನೆಲಕ್ಕೆ ಹಣೆ ಮುಟ್ಟಿಸುವುದು) ತಲೆ ಹೆಚ್ಚು ಬಾಗುತ್ತದೆ. ಮಂಚವನ್ನು ಕಿಬ್ಲಾದ ಕಡೆ ತಿರುಗಿಸಲು ಆಗದಿದ್ದರೆ ಇರುವ ದಿಕ್ಕಿನಲ್ಲೇ ಮಾಡುತ್ತಾರೆ. ನಡುವೆ ಮಾತನಾಡಿಸಿದರೆ ಉತ್ತರ ಬರುವುದಿಲ್ಲ. ಪ್ರಜ್ಞೆ ತಪ್ಪಿದೆಯೆಂದು ಗಾಬರಿಯಾಗಬೇಡಿ, ಸಿಟ್ಟೆಂದೂ ತಿಳಿಯಬೇಡಿ. ಎದುರಿನಿಂದ ಹಾಯದೆ ಹಿಂದಿನಿಂದ ಹೋಗಿ.

ಉತ್ತರ — ಮಣಿ59

ಕಥೋಲಿಕರ ಕಡೆಯಿಂದ ಹೇಳುತ್ತೇನೆ. ನಮಾಜ್‌ಗೆ ರಚನೆಯಲ್ಲಿ ಹತ್ತಿರವಾದದ್ದು ಭಾನುವಾರದ ಬಲಿಪೂಜೆಯಲ್ಲ, ಗುರುಗಳೂ (ಪಾದ್ರಿಗಳು) ಕನ್ಯಾಸ್ತ್ರೀಯರೂ ದಿನದ ಗೊತ್ತಾದ ಹೊತ್ತುಗಳಲ್ಲಿ ಕೀರ್ತನೆಗಳನ್ನು ಹೇಳುವ ಯಾಮಪ್ರಾರ್ಥನೆ. ಅದು ಅವರಿಗೆ ಕಡ್ಡಾಯ, ಜನಸಾಮಾನ್ಯರಿಗೆ ಐಚ್ಛಿಕ. ಬಲಿಪೂಜೆಯ ಎದುರು ಶುಕ್ರವಾರದ ಜುಮಾ ಬರೆಯಿರಿ. ಎರಡೂ ಸಭೆ ಸೇರಿ ಮಾಡುವಂಥವು, ಎರಡರಲ್ಲೂ ಪ್ರವಚನವಿದೆ, ಎರಡರಲ್ಲೂ ಕಾಯಿಲೆಯವರಿಗೆ ವಿನಾಯಿತಿಯಿದೆ. ಆದರೆ ಜುಮಾದಲ್ಲಿ ಪರಮಪ್ರಸಾದಕ್ಕೆ, ಅಂದರೆ ಬಲಿಪೂಜೆಯಲ್ಲಿ ಸ್ವೀಕರಿಸುವ ಪವಿತ್ರ ರೊಟ್ಟಿಗೆ, ಹೋಲುವುದು ಏನೂ ಇಲ್ಲ. ಆ ಜಾಗವನ್ನು ಖಾಲಿಯೇ ಬಿಡಿ, ಬಲವಂತವಾಗಿ ತುಂಬಬೇಡಿ.

ಮನೆಯ ಪ್ರಾರ್ಥನೆಯಲ್ಲಿ ಜಪಮಾಲೆ ಮುಖ್ಯ. 59 ಮಣಿ, 53 ನಮೋ ಮರಿಯಾ, 6 ಪರಲೋಕ ಮಂತ್ರ, ಸುಮಾರು 20 ನಿಮಿಷ. ಮುಸ್ಲಿಮರ ಮಣಿಸರವಾದ ತಸ್ಬೀಹ್‌ಗೆ 33 ಅಥವಾ 99 ಮಣಿ. ನೋಡಲು ಒಂದೇ ತರಹ, ಕೆಲಸ ಬೇರೆ. ತಸ್ಬೀಹ್ ಎಣಿಸಲು ಇರುವುದು, ಬೆರಳಲ್ಲೂ ಎಣಿಸಬಹುದು. ಜಪಮಾಲೆಯಲ್ಲಿ ಪ್ರತಿ ಹತ್ತು ಮಣಿಗೂ ಯೇಸುವಿನ, ಮರಿಯಳ ಬದುಕಿನ ಒಂದು ಘಟನೆಯ ಧ್ಯಾನವಿರುತ್ತದೆ, ಈ ಘಟನೆಗಳನ್ನು ರಹಸ್ಯಗಳು ಎನ್ನುತ್ತೇವೆ. ಗುರುವಾರದ ಬೆಳಕಿನ ರಹಸ್ಯಗಳು 2002ರಲ್ಲಿ ಎರಡನೇ ಜಾನ್ ಪಾಲ್ ಪೋಪ್ ಸೇರಿಸಿದಂಥವು. ಹಳೆಯ ಪುಸ್ತಕ ಹಿಡಿದವರು ಅವನ್ನು ಹೇಳದಿದ್ದರೆ ತಿದ್ದಲು ಹೋಗಬೇಡಿ.

ಕಡ್ಡಾಯ ಶುದ್ಧಿಸ್ನಾನ, ದಿಕ್ಕು ನಮ್ಮಲ್ಲಿ ಇಲ್ಲ. ಇಸ್ಲಾಮಿನಲ್ಲಿ ನಮಾಜ್‌ನ ಸುತ್ತ ಇರುವಂಥ ಕಟ್ಟುನಿಟ್ಟು ನಮ್ಮಲ್ಲಿ ಪರಮಪ್ರಸಾದದ ಸುತ್ತ ಇದೆ. ಸಿಬ್ಬಂದಿ ತಪ್ಪುವುದೂ ಅಲ್ಲೇ. ರೋಗಿಗೆ ಪ್ರಸಾದ ತರುವ ದಿನ ಮಂಚದ ಪಕ್ಕ ಚಿಕ್ಕ ಮೇಜು, ಶುಭ್ರ ಬಿಳಿ ಬಟ್ಟೆ, ಶಿಲುಬೆ, ಒಂದು ಲೋಟ ನೀರು ಇಡಿ. ಮೇಣದಬತ್ತಿ ಹಚ್ಚುವುದು ವಾಡಿಕೆ, ಆದರೆ ಕೋಣೆಯಲ್ಲಿ ಆಮ್ಲಜನಕ ಹರಿಯುತ್ತಿದ್ದರೆ ಖಂಡಿತ ಹಚ್ಚಬಾರದು. ಪ್ರಸಾದಕ್ಕೆ ಒಂದು ಗಂಟೆ ಮೊದಲು ಏನೂ ತಿನ್ನಬಾರದೆಂಬ ನಿಯಮ ವೃದ್ಧರಿಗೂ ರೋಗಿಗಳಿಗೂ ಅವರನ್ನು ನೋಡಿಕೊಳ್ಳುವವರಿಗೂ ಅನ್ವಯಿಸುವುದಿಲ್ಲ. ನೀರು, ಔಷಧಿ ಯಾರಿಗೂ ಅಡ್ಡಿಯಿಲ್ಲ. ಹೀಗಾಗಿ ಬೆಳಗಿನ ಮಾತ್ರೆ ತಡೆಹಿಡಿಯಬೇಡಿ.

ನುಂಗುವ ತೊಂದರೆ ಇದ್ದರೆ ಗುರುಗಳಿಗೆ ಮೊದಲೇ ಹೇಳಿ, ರೊಟ್ಟಿಯ ಚೂರನ್ನಷ್ಟೇ ಕೊಡುತ್ತಾರೆ. ಬಾಯಿಂದ ಹೊರಬಂದರೆ ಕಸದ ಬುಟ್ಟಿಗೂ ಸಿಂಕಿಗೂ ಹಾಕಬಾರದು. ಕೈಗವಸು ಹಾಕಿ ತೆಗೆದು, ಮುಚ್ಚಳವಿರುವ ಲೋಟದ ನೀರಿಗೆ ಬಿಟ್ಟು, ಗುರುಗಳಿಗೆ ಒಪ್ಪಿಸಿ. ನಮ್ಮ ನಂಬಿಕೆಯಲ್ಲಿ ಅದು ಕ್ರಿಸ್ತನ ಶರೀರವೇ. ಈ ಒಂದು ಸಾಲು ನಿಮ್ಮ ಟಿಪ್ಪಣಿಯಲ್ಲಿ ದಪ್ಪ ಅಕ್ಷರದಲ್ಲಿರಲಿ.

ರೋಗಿಗಳ ಅಭ್ಯಂಗ ಸಂಸ್ಕಾರವನ್ನು ಗುರುಗಳೇ ಕೊಡಬೇಕು. ಹಣೆಗೂ ಅಂಗೈಗೂ ಎಣ್ಣೆ ಹಚ್ಚುತ್ತಾರೆ. ಅದು ಸಾವಿನ ಗಳಿಗೆಗೆ ಮಾತ್ರ ಎಂದು ಕೊನೆಯವರೆಗೆ ಕಾಯುವುದು ದೊಡ್ಡ ತಪ್ಪು. ಕಾಯಿಲೆ ಗಂಭೀರವಾದಾಗಲೇ ಕರೆಸಿ, ರೋಗಿಗೆ ಎಚ್ಚರವಿದ್ದರೆ ಪಾಪನಿವೇದನೆಗೂ ಅವಕಾಶ ಸಿಗುತ್ತದೆ. ಆಗ ಕೋಣೆಯಿಂದ ಎಲ್ಲರೂ ಹೊರಗಿರಬೇಕು.

ಉತ್ತರ — ಪೂರ್ವಾಭಿಮುಖ

ಮೇಲಿನದು ಕಥೋಲಿಕರ ಮಟ್ಟಿಗೆ ಸರಿ. "ಕ್ರೈಸ್ತರಿಗೆ ದಿಕ್ಕಿಲ್ಲ, ಹೊತ್ತಿಲ್ಲ" ಎಂದು ಬಲಗಡೆಯ ಇಡೀ ಅಂಕಣಕ್ಕೆ ಬರೆದುಬಿಟ್ಟರೆ ತಪ್ಪಾಗುತ್ತದೆ. ಸಿರಿಯನ್, ಕಾಪ್ಟಿಕ್ ಆರ್ಥೊಡಾಕ್ಸರಲ್ಲಿ ದಿನಕ್ಕೆ ಏಳು ಹೊತ್ತಿನ ಪ್ರಾರ್ಥನೆಯಿದೆ. ಪೂರ್ವಕ್ಕೆ ಮುಖ ಮಾಡಿ ನಿಲ್ಲುತ್ತಾರೆ, ನೆಲಕ್ಕೆ ಹಣೆ ಮುಟ್ಟಿಸಿ ನಮಿಸುವುದೂ ಉಂಟು. ಇದನ್ನು ಕಂಡು ನಮಾಜ್ ಎಂದುಕೊಂಡವರಿದ್ದಾರೆ. ಕ್ರೈಸ್ತರ ಆರಂಭಕಾಲದ ಗ್ರಂಥವಾದ ದಿದಾಖೆಯಲ್ಲೇ ಕರ್ತನ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಬೇಕೆಂದೂ ಬುಧವಾರ, ಶುಕ್ರವಾರ ಉಪವಾಸ ಮಾಡಬೇಕೆಂದೂ ಇದೆ. ಆರ್ಥೊಡಾಕ್ಸರು ಆ ಎರಡು ದಿನಗಳನ್ನು ಇಂದಿಗೂ ಪಾಲಿಸುತ್ತಾರೆ. ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಇಲ್ಲ. ಅಡುಗೆಮನೆಯವರು "ಸಸ್ಯಾಹಾರ ತಾನೇ" ಎಂದು ಮೊಸರು ಬಡಿಸಿದರೆ ವ್ರತ ಕೆಟ್ಟಂತೆ.

ಪ್ರೊಟೆಸ್ಟಂಟರದು ಇನ್ನೊಂದು ದಾರಿ. ಮತ್ತಾಯ 6:6ರ "ಕೋಣೆಯ ಬಾಗಿಲು ಮುಚ್ಚಿ ಪ್ರಾರ್ಥಿಸು" ಎಂಬ ಮಾತು ಅಲ್ಲಿ ದಿನಚರಿಯನ್ನೇ ರೂಪಿಸಿದೆ. ಬೆಳಿಗ್ಗೆ ಬೈಬಲಿನ ಒಂದು ಭಾಗ ಓದಿ, ಸ್ವಂತ ಮಾತಿನಲ್ಲಿ ಪ್ರಾರ್ಥನೆ. ಅವರಿಗೆ ಸಿಬ್ಬಂದಿ ಮಾಡಬಹುದಾದ ಸಹಾಯವೆಂದರೆ ಕನ್ನಡಕ, ದಪ್ಪಕ್ಷರದ ಬೈಬಲ್, ಟಿ.ವಿ. ಸದ್ದಿಲ್ಲದ ಅರ್ಧ ಗಂಟೆ. ಜಪಮಾಲೆ, ಸಂತರ ಚಿತ್ರ ತಂದುಕೊಟ್ಟರೆ ಅವರಲ್ಲಿ ಅನೇಕರಿಗೆ ನೋವಾಗುತ್ತದೆ. ಸೆವೆಂತ್ ಡೇ ಅಡ್ವೆಂಟಿಸ್ಟರಾದರೆ ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ಸೂರ್ಯಾಸ್ತದವರೆಗೆ ಸಬ್ಬತ್ (ವಿಶ್ರಾಂತಿಯ ದಿನ), ಹಂದಿಮಾಂಸವೂ ವರ್ಜ್ಯ. ಆದ್ದರಿಂದ ದಾಖಲಾತಿ ಹಾಳೆಯಲ್ಲಿ "ಕ್ರೈಸ್ತ" ಎಂದಷ್ಟೇ ಬರೆದುಕೊಂಡರೆ ಸಾಲದು, ಯಾವ ಸಭೆ (ಪಂಗಡ) ಎಂದು ಕೇಳಿ. ಮುಸ್ಲಿಮರಲ್ಲೂ ಮದ್‌ಹಬ್ ಕೇಳುವುದು ಒಳ್ಳೆಯದು.

ಎರಡುಪುಟ

ಬಹಳ ಉಪಕಾರವಾಯಿತು. ಪ್ರಾರ್ಥನೆಯ ಸಾಲನ್ನು ಮೂರಾಗಿ ಒಡೆಯುತ್ತೇನೆ: ಹೊತ್ತಿನ ವಿಧಿ, ಸಭೆಯ ಆರಾಧನೆ, ಸ್ವಂತ ಬೇಡಿಕೆ. ಉಪವಾಸದ ಸಾಲಿನಲ್ಲಿ "ಮುಸ್ಲಿಮರು ನೀರೂ ಕುಡಿಯುವುದಿಲ್ಲ, ಕ್ರೈಸ್ತರು ಮಾಂಸ ಬಿಡುತ್ತಾರೆ" ಎಂದಿದೆ. ಔಷಧಿಯ ಮಟ್ಟಿಗೆ ಇಷ್ಟು ಸಾಕೇ? ದಾನದ ಸಾಲಿನಲ್ಲಿ 2.5 ಮತ್ತು 10 ಶೇಕಡಾ ಎಂದು ಹಾಕಿದ್ದೇನೆ.

ಉತ್ತರ — ಫಜ್ರ್‌ಹೊತ್ತು

ಸಾಲದು. ರಮದಾನಿನಲ್ಲಿ ನಸುಕಿನಿಂದ ಸೂರ್ಯಾಸ್ತದವರೆಗೆ ನುಂಗುವ ಮಾತ್ರೆ, ಸಿರಪ್ ಎರಡೂ ಉಪವಾಸ ಮುರಿಯುತ್ತವೆ. ಬೆರಳು ಚುಚ್ಚಿ ಸಕ್ಕರೆ ನೋಡುವುದರಿಂದ ಮುರಿಯುವುದಿಲ್ಲ. ಇದು ತಿಳಿಯದೆ ಮಧುಮೇಹಿಗಳು ಪರೀಕ್ಷೆ ಬೇಡವೆನ್ನುತ್ತಾರೆ, ಅಪಾಯ ಅಲ್ಲಿದೆ. ಪೋಷಕಾಂಶವಿಲ್ಲದ ಚುಚ್ಚುಮದ್ದಿಗೆ ಹೆಚ್ಚಿನ ವಿದ್ವಾಂಸರ ಅಡ್ಡಿಯಿಲ್ಲ, ಪೋಷಣೆಯ ಡ್ರಿಪ್‌ನಿಂದ ಮುರಿಯುತ್ತದೆಂದು ಅನೇಕರು ಹೇಳುತ್ತಾರೆ. ಇನ್‌ಹೇಲರ್ ವಿಷಯದಲ್ಲಿ ಮತಭೇದವಿರುವುದರಿಂದ ಅವರವರ ಇಮಾಮರನ್ನು ಕೇಳಿಸಿ. ದಿನಕ್ಕೆರಡು ಸಲದ ಔಷಧಿಯನ್ನು ನಸುಕಿಗೆ ಮುಂಚಿನ ಊಟವಾದ ಸಹರಿಗೂ ಸೂರ್ಯಾಸ್ತಕ್ಕೆ ಉಪವಾಸ ಬಿಡುವ ಇಫ್ತಾರಿಗೂ ಹೊಂದಿಸಬಹುದೇ ಎಂದು ವೈದ್ಯರನ್ನು ಕೇಳಿ. ಮೂರು ಸಲದ್ದಾದರೆ ಸಾಮಾನ್ಯವಾಗಿ ಹೊಂದುವುದಿಲ್ಲ. ರೋಗಿಗೆ ವಿನಾಯಿತಿ ಕುರ್‌ಆನ್ 2:184–185ರಲ್ಲೇ ಇದೆ. ಗುಣವಾದ ಮೇಲೆ ತೀರಿಸಬೇಕು, ವಾಸಿಯಾಗದ ಕಾಯಿಲೆಯಾದರೆ ತಪ್ಪಿದ ದಿನಕ್ಕೊಬ್ಬ ಬಡವರಿಗೆ ಊಟ, ಅಂದರೆ ಫಿದ್ಯಾ. ಮರೆತು ನೀರು ಕುಡಿದರೆ ಹೆಚ್ಚಿನವರ ಮತದಲ್ಲಿ ಉಪವಾಸ ಕೆಡುವುದಿಲ್ಲ. ಮರೆಗುಳಿತನ ಇರುವ ಹಿರಿಯರು ಇದಕ್ಕಾಗಿ ತುಂಬಾ ಕೊರಗುತ್ತಾರೆ, ಅವರಿಗೆ ಸಮಾಧಾನವಾಗಿ ಹೇಳಿ.

ಉತ್ತರ — ಮಣಿ59

ಕಥೋಲಿಕರಿಗೆ ಕಡ್ಡಾಯ ಉಪವಾಸ ವರ್ಷಕ್ಕೆ ಎರಡೇ ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಒಂದು ಪೂರ್ತಿ ಊಟ, ಎರಡು ಸಣ್ಣ ತಿಂಡಿ. ಆ ಎರಡು ಸೇರಿದರೂ ಇನ್ನೊಂದು ಊಟದಷ್ಟಾಗಬಾರದು. ಇದು 18 ತುಂಬಿದವರಿಗೆ, 59 ತುಂಬುವವರೆಗೆ. ನಿಮ್ಮಲ್ಲಿರುವ ಬಹುತೇಕರಿಗೆ ಅನ್ವಯವೇ ಆಗದು. ಮಾಂಸ ಬಿಡುವ ನಿಯಮಕ್ಕೆ ಮಾತ್ರ 14ರ ನಂತರ ಮೇಲ್ಮಿತಿ ಇಲ್ಲ, ಹಾಗಾಗಿ ಆ ದಿನ ಸಾರಿಗೆ ಮಾಂಸ ಬೇಡ, ಮೀನಾಗಬಹುದು. ಕಾಯಿಲೆಯವರಿಗೆ ಇದರಿಂದಲೂ ಬಿಡುಗಡೆ ಇದೆ.

ದಾನದ ಸಾಲನ್ನು ತೆಗೆದುಬಿಡಿ ಎಂಬುದು ನನ್ನ ಅಭಿಪ್ರಾಯ. ಮುಸ್ಲಿಮರ ಕಡ್ಡಾಯ ದಾನವಾದ ಝಕಾತಿನ 2.5 ನಿಸಾಬ್ (ಗೊತ್ತುಪಡಿಸಿದ ಕನಿಷ್ಠ ಮಿತಿ) ಮೀರಿ ಒಂದು ಚಾಂದ್ರವರ್ಷ ಕೈಯಲ್ಲುಳಿದ ಸಂಪತ್ತಿನ ಮೇಲೆ, ಕ್ರೈಸ್ತರ ದಶಮಾಂಶದ 10 ಆದಾಯದ ಮೇಲೆ. ಅದೂ ಎಲ್ಲ ಸಭೆಗಳಲ್ಲಿ ಕಡ್ಡಾಯವಲ್ಲ. ಅಕ್ಕಪಕ್ಕ ಇಟ್ಟರೆ ಒಬ್ಬರು ಕಡಿಮೆ ಕೊಡುತ್ತಾರೆಂದು ಕಾಣುತ್ತದೆ. ಆ ಜಾಗಕ್ಕೆ ಹಾಸಿಗೆ ಬದಲಿಸುವಾಗಿನ ಎಚ್ಚರಿಕೆ ಬರೆಯಿರಿ: ದಿಂಬಿನಡಿ ಜಪಮಾಲೆ, ತಸ್ಬೀಹ್, ಕುರ್‌ಆನ್, ಬೈಬಲ್ ಇದೆಯೇ ಎಂದು ಕೈಯಾಡಿಸಿ ನೋಡಿದ ಮೇಲೆಯೇ ಚಾದರ ಎಳೆಯಬೇಕು, ಸಿಕ್ಕಿದ್ದನ್ನು ನೆಲಕ್ಕಾಗಲಿ ಕಾಲ ಬಳಿಯಾಗಲಿ ಇಡದೆ ತಲೆಯ ಕಡೆಯ ಮೇಜಿನ ಮೇಲೆ ಇಡಬೇಕು.