ಹಾಲಿನ ಬದಲು ಎಳ್ಳು ಕೊಟ್ರೆ ನಡೆಯುತ್ತಾ? ಎಳ್ಳು ಮೂಲ ಯಾವ ಕಡೇದು?

ಮೈಸೂರಮ್ಮ
ನಮಸ್ಕಾರ ಎಲ್ರಿಗೂ. ಮಗಳಿಗೆ 6 ವರ್ಷ, ಹಾಲಿನ ಲೋಟ ಕಂಡ್ರೆ ಸಾಕು ಮುಖ ತಿರುಗಿಸ್ತಾಳೆ, ಆದ್ರೆ ಸಂಕ್ರಾಂತಿ ಎಳ್ಳುಬೆಲ್ಲ ಮಾತ್ರ ಡಬ್ಬಿ ಖಾಲಿ ಆಗೋವರೆಗೂ ಬಿಡಲಿಲ್ಲ. ಎಳ್ಳಲ್ಲಿ ಹಾಲಿಗಿಂತ 8 ಪಟ್ಟು ಕ್ಯಾಲ್ಸಿಯಂ ಅಂತ ವಾಟ್ಸಾಪಲ್ಲಿ ಬಂದಿತ್ತು, ನಿಜಾನಾ? ಅತ್ತೆ ಕರಿ ಎಳ್ಳೇ ಒಳ್ಳೇದು ಅಂತಾರೆ, ಅಂಗಡೀಲಿ ಸಿಗೋದು ಬೆಳ್ಳಗೆ ಹೊಳೆಯೋದು. ಎಳ್ಳು ಆಫ್ರಿಕಾದಿಂದ ಬಂದಿದ್ದು ಅಂತ ನಮ್ಮನೆಯವ್ರ ವಾದ ಬೇರೆ.

ಕಾಳುಕಡ್ಡಿ
ಮೇಡಂ, ಎಳ್ಳು ನಮ್ಮದೇ. ಎಳ್ಳಿನ ಕಾಡು ಸಂಬಂಧಿಗಳು ಜಾಸ್ತಿ ಇರೋದು ಆಫ್ರಿಕಾದಲ್ಲಿ, ಅದಕ್ಕೇ ಆ ವಾದ ಬಂತು, ಆದ್ರೆ ನಾವು ಬೆಳೆಯೋ ಎಳ್ಳಿಗೆ ತೀರಾ ಹತ್ತಿರದ ಕಾಡೆಳ್ಳು ಇರೋದು ಭಾರತದಲ್ಲೇ, ಹರಪ್ಪದಲ್ಲಿ 4000 ವರ್ಷಕ್ಕೂ ಹಳೇ ಸುಟ್ಟ ಎಳ್ಳು ಸಿಕ್ಕಿದೆ. ಸಂಸ್ಕೃತದಲ್ಲಿ ತಿಲದಿಂದ ತೈಲ, ಕನ್ನಡದಲ್ಲಿ ಎಳ್ಳಿನ ನೆಯ್ (ಜಿಡ್ಡು) ಅಂತ ಎಣ್ಣೆ, ಎರಡು ಭಾಷೇಲೂ ಎಣ್ಣೆ ಅಂದ್ರೇನೇ ಎಳ್ಳು ನೋಡಿ!

8 ಪಟ್ಟು ಅನ್ನೋದು 100 ಗ್ರಾಂ ಲೆಕ್ಕ. ಸಿಪ್ಪೆ ಇರೋ ಎಳ್ಳಲ್ಲಿ ಸುಮಾರು 975 ಮಿಲಿಗ್ರಾಂ, ಹಾಲಲ್ಲಿ 120. ಆದ್ರೆ ಮಗು 100 ಗ್ರಾಂ ಎಳ್ಳು ತಿನ್ನುತ್ತಾ? ಒಂದು ದೊಡ್ಡ ಚಮಚ ಅಂದ್ರೆ 9 ಗ್ರಾಂ, ಅದ್ರಲ್ಲಿ 90ರ ಹತ್ತಿರ, ಒಂದು ಲೋಟ ಹಾಲಿನ ಮೂರರಲ್ಲೊಂದು ಭಾಗ. ಅದೂ ಪೂರ್ತಿ ಮೈಗೆ ಹತ್ತಲ್ಲ, ಸಿಪ್ಪೇಲಿರೋ ಆಕ್ಸಲೇಟ್ ಅನ್ನೋ ಅಂಶ ಕ್ಯಾಲ್ಸಿಯಂನ ಹಿಡ್ಕೊಳ್ಳುತ್ತೆ. ಹಾಗಂತ ಸಿಪ್ಪೆ ತೆಗೆದ್ರೆ ಕ್ಯಾಲ್ಸಿಯಮ್ಮೇ ಮುಕ್ಕಾಲು ಪಾಲಿಗಿಂತ ಜಾಸ್ತಿ ಹೋಗ್ಬಿಡುತ್ತೆ, ಆ ಹೊಳೆಯೋ ಎಳ್ಳು ಅದೇ. ಹಾಲಿಗೆ ಬದಲಿ ಅಂತ ನಂಬ್ಕೋಬೇಡಿ, ಮೊಸರು, ರಾಗಿ ಜೊತೆಗೆ ಎಳ್ಳೂ ಇರ್ಲಿ. ಬೇಳೆಕಾಳಲ್ಲಿ ಕಮ್ಮಿ ಇರೋ ಮೆಥಿಯೋನಿನ್ ಅನ್ನೋ ಪ್ರೋಟೀನಿನ ಅಂಶ ಎಳ್ಳಲ್ಲಿ ಚೆನ್ನಾಗಿದೆ, ಹಾಗಾಗಿ ಸಾರನ್ನಕ್ಕೆ ಎಳ್ಳಿನ ಪುಡಿ ಒಳ್ಳೇ ಜೋಡಿ.

ಹೊಲದಮನಿ
ನಿಮ್ ಯಜಮಾನ್ರು ಗುರೆಳ್ಳಿನ ಮಾತು ಕೇಳಿರಬೇಕ್ರಿ, ನಿಮ್ ಕಡೆ ಹುಚ್ಚೆಳ್ಳು ಅಂತಾರಲ್ಲ, ಅದರ ಮೂಲ ಇಥಿಯೋಪಿಯಾ, ಗಿಡಾನೇ ಬ್ಯಾರೆ. ಕರಿ ಎಳ್ಳು ಅಂತ ಅದನ್ನ ತರಬ್ಯಾಡ್ರಿ, ಗುರೆಳ್ಳು ಉದ್ದಕ್ಕ ಸಣ್ಣಗ ಮಿಂಚತೈತಿ, ಎಳ್ಳು ಚಪ್ಪಟಿ, ಒಂದ್ ತುದಿ ಚೂಪ. ನಾವು ಎಳ್ಳಿನ ಕಾಯಿ ಹಳದಿ ಆಗೂದ್ರಾಗ ಗಿಡ ಕೊಯ್ದು ಸಿವುಡು ಕಟ್ಟಿ ನಿಲ್ಲಿಸ್ತೀವ್ರಿ, ತಡ ಆತಂದ್ರ ಕಾಯಿ ಬಾಯಿ ಬಿಟ್ಟು ಬೆಳಿ ಎಲ್ಲಾ ಮಣ್ಣುಪಾಲು. ಒಣಗಿದ ಮ್ಯಾಲ ಸಿವುಡು ತಲಿಕೆಳಗ ಮಾಡಿ ಕೊಡವಿದ್ರ ಸರ್ ಅಂತ ಉದುರತಾವ, ಆ ಸಪ್ಪಳ ಕೇಳಾಕ ಭಾಳ ಛಲೋ ಅನಸತೈತಿ.

ನ್ಯೂಜೆರ್ಸಿ_ಕನ್ನಡತಿ
ಒಂದು ಮಾತು, ಎಳ್ಳಿನ ಅಲರ್ಜಿ ಕೆಲವು ಮಕ್ಕಳಿಗೆ ಜೋರಾಗೇ ಆಗುತ್ತೆ. ಇಲ್ಲಿ ಅಮೆರಿಕದಲ್ಲಿ 2023ರಿಂದ ಪ್ಯಾಕೆಟ್ ಮೇಲೆ ಎಳ್ಳನ್ನ ಅಲರ್ಜಿ ಪದಾರ್ಥ ಅಂತ ಹಾಕಲೇಬೇಕು. ನಿಮ್ಮ ಮಗಳಿಗೆ ಈಗಾಗ್ಲೇ ಒಗ್ಗಿದೆ, ತೊಂದ್ರೆ ಇಲ್ಲ, ಶಾಲೆಗೆ ಹಂಚೋಕೆ ಕಳಿಸೋದಾದ್ರೆ ಮಾತ್ರ ಮೊದ್ಲೇ ಹೇಳಿ.

ಮೈಸೂರಮ್ಮ
ತುಂಬಾ ಥ್ಯಾಂಕ್ಸ್. ಇಡೀ ಎಳ್ಳು ಕೊಡ್ಲಾ, ಪುಡಿ ಮಾಡ್ಲಾ?

ಕಾಳುಕಡ್ಡಿ
ಪುಡಿನೇ. ಇಡೀ ಕಾಳು ಅಗಿಯದೆ ನುಂಗಿದ್ರೆ ಹಾಗೇ ಆಚೆ ಹೋಗುತ್ತೆ. ಸಣ್ಣ ಉರೀಲಿ ಚಟಪಟ ಅನ್ನೋವರೆಗೆ ಹುರಿದು, ಪೂರ್ತಿ ಆರಿದ ಮೇಲೆ ಮಿಕ್ಸಿನ ಬಿಟ್ಟು ಬಿಟ್ಟು ತಿರುಗಿಸಿ, ಒಂದೇ ಸಮ ಓಡಿಸಿದ್ರೆ ಎಣ್ಣೆ ಬಿಟ್ಟು ಮುದ್ದೆ ಆಗುತ್ತೆ. ವಾರಕ್ಕಾಗೋಷ್ಟು ಮಾತ್ರ ಮಾಡಿ.