ಹಳೆಯ ಸರ್ವರ್‌ನಲ್ಲಿ ಉಳಿದಿರುವ ಟೆಲ್‌ನೆಟ್, ಆರ್‌ಎಸ್‌ಎಚ್ ಎಂಬ ದೂರಪ್ರವೇಶ ಸೇವೆಗಳನ್ನು ತೆಗೆಯುವ ಕ್ರಮ ಯಾವುದು?

ಪ್ರಶ್ನೆ (ಉಡುಪಿಯಿಂದ)

ಮಾನ್ಯರೇ, ಇಲ್ಲಿನ ಸಹಕಾರಿ ಸಂಘವೊಂದರ ಸರ್ವರ್‌ಗಳ ನಿರ್ವಹಣೆ ಇತ್ತೀಚೆಗೆ ನನ್ನ ಪಾಲಿಗೆ ಬಂದಿದೆ. ಒಂದು ಎಐಎಕ್ಸ್ (ಐಬಿಎಂನ ಯುನಿಕ್ಸ್) ಯಂತ್ರ, ಇನ್ನೊಂದು ಲಿನಕ್ಸ್. ಎಐಎಕ್ಸ್ ಯಂತ್ರದ ಇನೆಟ್‌ಡಿ (ಹೊರಗಿನಿಂದ ಕರೆ ಬಂದಾಗ ತಕ್ಕ ಸೇವೆಯನ್ನು ಆರಂಭಿಸುವ ಪ್ರೋಗ್ರಾಂ) ಸಂರಚನಾ ಕಡತದಲ್ಲಿ ಎಫ್‌ಟಿಪಿ, ಟೆಲ್‌ನೆಟ್, ಎಕ್ಸೆಕ್, ಲಾಗಿನ್, ಶೆಲ್ ಎಲ್ಲವೂ ತೆರೆದೇ ಇವೆ. ಕಾಪು, ಕುಂದಾಪುರ, ಕಾರ್ಕಳ ಶಾಖೆಗಳ ಲೆಕ್ಕದ ಕಡತಗಳು ರಾತ್ರಿ ಇವುಗಳಲ್ಲಿ ಯಾವುದರ ಮೂಲಕ ಬರುತ್ತಿವೆ ಎಂದು ಹೇಳಬಲ್ಲವರು ಈಗ ಕಚೇರಿಯಲ್ಲಿ ಇಲ್ಲ. ಆ ಸಾಲುಗಳ ಮುಂದೆ ಹ್ಯಾಶ್ ಗುರುತು (#) ಹಾಕಿ ನಿಷ್ಕ್ರಿಯಗೊಳಿಸಿದರೆ ಸಾಕೇ?

ಉತ್ತರ (ಮಂಗಳೂರಿನಿಂದ)

ಸರ್, ಹ್ಯಾಶ್ ಹಾಕುವುದು ಕೊನೆಯ ಹೆಜ್ಜೆ. ಕಡತದಲ್ಲಿ ಏನು ಬರೆದಿದೆ ಎಂಬುದಕ್ಕಿಂತ, ಯಾವ ಪೋರ್ಟ್ (ಸೇವೆಯೊಂದು ಕರೆಗೆ ಕಾಯುವ ಸಂಖ್ಯೆಯುಳ್ಳ ದ್ವಾರ) ನಿಜವಾಗಿ ತೆರೆದಿದೆ ಮತ್ತು ಅದನ್ನು ಯಾರು ಬಳಸುತ್ತಿದ್ದಾರೆ ಎಂಬುದು ಮೊದಲು ತಿಳಿಯಬೇಕು. ಎಐಎಕ್ಸ್‌ನಲ್ಲಿ ನೆಟ್‌ಸ್ಟ್ಯಾಟ್ ಆಜ್ಞೆ ತೋರಿಸುವ ಸಾಕೆಟ್ (ಸಂಪರ್ಕದ ತುದಿ) ವಿಳಾಸವನ್ನು ಆರ್‌ಎಂಸಾಕ್ ಆಜ್ಞೆಗೆ ಕೊಟ್ಟರೆ, ಅದನ್ನು ಹಿಡಿದಿರುವ ಪ್ರಕ್ರಿಯೆ ಯಾವುದೆಂದು ತಿಳಿಯುತ್ತದೆ. ‘ಆರ್‌ಎಂ’ ಎಂದರೆ ಅಳಿಸು ಎಂಬ ಹೆಸರು ನೋಡಿ ಹೆದರಬೇಕಿಲ್ಲ, ಬಳಕೆಯಲ್ಲಿರುವ ಸಾಕೆಟ್ಟನ್ನು ಅದು ಅಳಿಸುವುದಿಲ್ಲ. ಲಿನಕ್ಸ್‌ನಲ್ಲಿ ಇದೇ ಮಾಹಿತಿಗೆ ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಎಸ್‌ಎಸ್ ಆಜ್ಞೆ ಕೊಟ್ಟರೆ ಸಾಕು.

ಅನಂತರ ಜಾಲದ ಸಂಚಾರವನ್ನು ದಾಖಲಿಸುವ ಟಿಸಿಪಿಡಂಪ್ ಮೂಲಕ 21 (ಎಫ್‌ಟಿಪಿ), 23 (ಟೆಲ್‌ನೆಟ್) ಮತ್ತು 512ರಿಂದ 514ರವರೆಗಿನ (ಎಕ್ಸೆಕ್, ಲಾಗಿನ್, ಶೆಲ್) ಪೋರ್ಟ್‌ಗಳಿಗೆ ಯಾವ ವಿಳಾಸಗಳಿಂದ ಸಂಪರ್ಕ ಬರುತ್ತಿದೆ ಎಂದು ತಿಂಗಳ ಕೊನೆಯ ಲೆಕ್ಕ ಮುಗಿಯುವವರೆಗಾದರೂ ದಾಖಲಿಸಿರಿ, ಏಕೆಂದರೆ ಕೆಲವು ಕೆಲಸಗಳು ಆ ಒಂದು ರಾತ್ರಿ ಮಾತ್ರ ನಡೆಯುತ್ತವೆ. ಟಿಸಿಪಿ, ಯುಡಿಪಿ ಎರಡು ಬೇರೆ ಸಾಗಣೆ ವಿಧಾನಗಳು: ಟಿಸಿಪಿ 514 ಎಂದರೆ ಆರ್‌ಎಸ್‌ಎಚ್ (ಕಡತದಲ್ಲಿ ಶೆಲ್ ಎಂಬ ಸಾಲು), ಆದರೆ ಯುಡಿಪಿ 514 ಸಿಸ್‌ಲಾಗ್, ಅಂದರೆ ಲಾಗ್ ಸಂಗ್ರಹಿಸುವ ಸೇವೆ. ಎರಡನ್ನೂ ಒಂದೆಂದು ಭಾವಿಸಿ ಫೈರ್‌ವಾಲ್‌ನಲ್ಲಿ ಮುಚ್ಚಿದರೆ ದೂರದ ಯಂತ್ರಗಳ ಲಾಗ್ ಬರುವುದು ನಿಂತುಹೋಗುತ್ತದೆ. ನಿಗದಿತ ವೇಳೆಗೆ ಓಡುವ ಕೆಲಸಗಳ ಕ್ರಾನ್ ಪಟ್ಟಿಗಳನ್ನೂ ಬಳಕೆದಾರರ ಮನೆಕೋಶಗಳಲ್ಲಿರುವ ಆರ್‌ಹೋಸ್ಟ್ಸ್ (ನಂಬುವ ಯಂತ್ರಗಳ ಪಟ್ಟಿ) ಕಡತಗಳನ್ನೂ ತಪ್ಪದೆ ನೋಡಿರಿ.

ಉತ್ತರ (ಮಣಿಪಾಲದಿಂದ)

ಈ ಕೆಲಸವನ್ನು ಮುಂದೂಡಬಾರದು ಎಂಬುದು ನನ್ನ ವಿನಂತಿ. ಟೆಲ್‌ನೆಟ್ ಪಾಸ್‌ವರ್ಡನ್ನು ಗೂಢಲಿಪಿಯಿಲ್ಲದೆ ಕಳುಹಿಸುತ್ತದೆ. ಆರ್‌ಎಸ್‌ಎಚ್ ಆರ್‌ಹೋಸ್ಟ್ಸ್ ಕಡತದಲ್ಲಿ ಹೆಸರಿರುವ ಯಂತ್ರವನ್ನು ಪಾಸ್‌ವರ್ಡ್ ಕೇಳದೆ ನಂಬುತ್ತದೆ. 1988ರ ನವೆಂಬರ್‌ನಲ್ಲಿ ಹರಡಿದ ಮಾರಿಸ್ ವರ್ಮ್ (ತಾನಾಗಿ ಹರಡುವ ಪ್ರೋಗ್ರಾಂ) ಬಳಕೆದಾರರ ವಿವರ ಕೊಡುವ ಫಿಂಗರ್ ಸೇವೆಯ ದೋಷದೊಂದಿಗೆ ಇದೇ ನಂಬಿಕೆಯನ್ನೂ ಬಳಸಿಕೊಂಡಿತ್ತು. 1995ರಲ್ಲೇ ಗೂಢಲಿಪಿ ಬಳಸುವ ಎಸ್‌ಎಸ್‌ಎಚ್ ಬಂದ ಮೇಲೆ ಜನರ ಹಣದ ಲೆಕ್ಕವಿರುವ ಕಡೆ ಇವುಗಳನ್ನು ಉಳಿಸಿಕೊಳ್ಳಲು ಕಾರಣವಿಲ್ಲ. ಎಕೋ, ಚಾರ್ಜೆನ್ ಎಂಬ ಹಳೆಯ ಪರೀಕ್ಷಾ ಸೇವೆಗಳು ಕೂಡ ತೆರೆದಿದ್ದರೆ ಅವನ್ನು ತಕ್ಷಣ ಮುಚ್ಚಿರಿ, ಶಾಖೆಯ ಯಾವ ಕೆಲಸಕ್ಕೂ ಅವು ಬೇಕಿಲ್ಲ.

ಉತ್ತರ (ಸುರತ್ಕಲ್‌ನಿಂದ)

ಲಿನಕ್ಸ್ ಯಂತ್ರದಲ್ಲಿ ಸೇವೆಗಳನ್ನು ನಿರ್ವಹಿಸುವ ಸಿಸ್ಟಮ್‌ಡಿ ಇದ್ದರೆ ಒಂದು ಎಚ್ಚರಿಕೆ. ಆರ್‌ಪಿಸಿಬೈಂಡ್ (ಇತರ ಸೇವೆಗಳ ಪೋರ್ಟ್ ಯಾವುದೆಂದು ತಿಳಿಸುವುದು) ಸೇವೆಯನ್ನಷ್ಟೇ ನಿಲ್ಲಿಸಿದರೆ ಅದರ ಸಾಕೆಟ್ ಘಟಕವು 111ನೆಯ ಪೋರ್ಟ್‌ನಲ್ಲಿ ಕಾದಿದ್ದು, ಮುಂದಿನ ಕರೆ ಬಂದೊಡನೆ ಸೇವೆಯನ್ನು ಮತ್ತೆ ಎಬ್ಬಿಸುತ್ತದೆ. ಆದ್ದರಿಂದ ಎರಡನ್ನೂ ನಿಲ್ಲಿಸಿ, ಎರಡಕ್ಕೂ ಮಾಸ್ಕ್ (ಮತ್ತೆ ಆರಂಭವಾಗದಂತೆ ತಡೆ) ಹಾಕಬೇಕು. ಎನ್‌ಎಫ್‌ಎಸ್ (ಜಾಲದ ಮೂಲಕ ಕಡತ ಹಂಚಿಕೆ) 3ನೆಯ ಆವೃತ್ತಿ ಬಳಕೆಯಲ್ಲಿದ್ದರೆ ಮಾತ್ರ ಇದನ್ನು ಮುಟ್ಟಬೇಡಿರಿ; 4ನೆಯ ಆವೃತ್ತಿಗೆ 2049 ಒಂದೇ ಸಾಕಾಗುತ್ತದೆ. ಕೆಲವು ವಾರ ದೂರು ಬಾರದಿದ್ದರೆ ಪ್ಯಾಕೇಜನ್ನೇ ತೆಗೆದುಹಾಕಿರಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ದಾಖಲಿಸುವುದನ್ನು ಆರಂಭಿಸಿದ್ದೇನೆ, ಕುಂದಾಪುರದ ವಿಳಾಸದಿಂದ ಟಿಸಿಪಿ 514ಕ್ಕೆ ಕರೆ ಬರುತ್ತಿರುವುದು ಮೊದಲ ರಾತ್ರಿಯೇ ಕಂಡಿತು.

ಉತ್ತರ (ಮಂಗಳೂರಿನಿಂದ)

ಹಾಗಾದರೆ ಆ ಶಾಖೆಯ ಸ್ಕ್ರಿಪ್ಟನ್ನು ಮೊದಲು ಕೀಲಿ ಆಧಾರಿತ ಎಸ್‌ಎಸ್‌ಎಚ್‌ಗೆ ಬದಲಿಸಿ, ಒಂದು ತಿಂಗಳ ಕೊನೆಯ ಲೆಕ್ಕ ಸರಿಯಾಗಿ ಬಂದ ಮೇಲೆ ಶೆಲ್ ಸಾಲಿಗೆ ಹ್ಯಾಶ್ ಹಾಕಿ, ರಿಫ್ರೆಶ್ ಆಜ್ಞೆಯಿಂದ ಇನೆಟ್‌ಡಿಗೆ ತಿಳಿಸಿರಿ. ಟೆಲ್‌ನೆಟ್ ಮುಚ್ಚುವ ದಿನ ಕನ್ಸೋಲ್ ಕೈಗೆಟುಕುವಂತಿರಲಿ, ಮತ್ತು ಬೇರೊಂದು ಯಂತ್ರದಿಂದ ಪೋರ್ಟ್ ಪರೀಕ್ಷಿಸುವ ಎನ್‌ಮ್ಯಾಪ್ ಓಡಿಸಿ ಪೋರ್ಟ್ ಮುಚ್ಚಿರುವುದನ್ನು ಖಚಿತಪಡಿಸಿಕೊಳ್ಳಿರಿ.